ತಲೆಗಿಷ್ಟು ಎಂಬ ಲೆಕ್ಕಕ್ಕೆ ಕಾವಲು ದಕ್ಕದು

2024ರ ಮಾರ್ಚ್ 1ರ ಮಧ್ಯಾಹ್ನ ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಮಾರ್ಚ್ 9ರಂದು ಹೋಟೆಲು ಮತ್ತೆ ಬಾಗಿಲು ತೆರೆಯಿತು. ಅಂದು ಎಲ್ಲರ ಕಣ್ಣಿಗೆ ಬಿದ್ದದ್ದು ಪ್ರವೇಶದಲ್ಲಿ ಹೊಸದಾಗಿ ಬಂದ ಲೋಹಶೋಧಕ. ಅದರ ಜೊತೆಗೆ ಮಾಲೀಕರು ಇನ್ನೊಂದು ಮಾತು ಹೇಳಿದ್ದರು: ತಮ್ಮ ಕಾವಲುಗಾರರಿಗೆ ತರಬೇತಿ ಕೊಡಲು ನಿವೃತ್ತ ಯೋಧರ ತಂಡವೊಂದನ್ನು ಕಟ್ಟುತ್ತಿದ್ದೇವೆ ಎಂದು. ಯಂತ್ರಕ್ಕಿಂತ ಈ ಮಾತೇ ಹೆಚ್ಚು ತೂಕದ್ದು. ಏಕೆಂದರೆ ತನಿಖೆಯಲ್ಲಿ ಕಂಡುಬಂದ ಹಾಗೆ ಬಾಂಬ್ ತಂದವನು ಗೋಡೆ ಹಾರಿ ಬಂದಿರಲಿಲ್ಲ. ಗ್ರಾಹಕನಾಗಿಯೇ ಬಂದ, ಕೌಂಟರಿನಲ್ಲಿ ರವೆ ಇಡ್ಲಿ ತೆಗೆದುಕೊಂಡ, ಕೈ ತೊಳೆಯುವ ಜಾಗದ ಹತ್ತಿರ ಚೀಲ ಬಿಟ್ಟು ಹೊರಟುಹೋದ. ಐಟಿ ಕಚೇರಿಗಳ ಮಂದಿ ಲ್ಯಾಪ್‌ಟಾಪ್ ಚೀಲ, ಸ್ಟೀಲ್ ಡಬ್ಬಿ, ಬೀಗದ ಕೈಗೊಂಚಲು ಸಮೇತ ನುಗ್ಗುವ ಹೊತ್ತಿನಲ್ಲಿ ಲೋಹಶೋಧಕ ಹೆಜ್ಜೆಹೆಜ್ಜೆಗೂ ಕೂಗುತ್ತದೆ. ಹತ್ತು ನಿಮಿಷದಲ್ಲಿ ಆ ಕೂಗು ಯಾರ ಕಿವಿಗೂ ಬೀಳದಂತಾಗುತ್ತದೆ. ಅಂಥ ಕಡೆ ನಿಜವಾಗಿ ಬೇಕಾದ್ದು 'ಈ ಚೀಲದ ವಾರಸುದಾರರು ಯಾರು?' ಎಂದು ಕೇಳುವ ಒಬ್ಬ ಮನುಷ್ಯ. ಹಾಗೆ ಕೇಳಬೇಕಾದರೆ ಆತ ನಿದ್ದೆ ಮಾಡಿ ಬಂದಿರಬೇಕು, ಏನನ್ನು ಗಮನಿಸಬೇಕೆಂದು ಅವನಿಗೆ ಯಾರಾದರೂ ಹೇಳಿಕೊಟ್ಟಿರಬೇಕು, ಊಟದ ಸಮಯದ ನೂಕುನುಗ್ಗಲಿನಲ್ಲೂ ಜನರನ್ನು ಪಕ್ಕಕ್ಕೆ ಸರಿಸುವ ಅಧಿಕಾರ ಕೊಟ್ಟಿರಬೇಕು. ಈ ಮೂರೂ ಏಜೆನ್ಸಿಯ ದರಪಟ್ಟಿಯಲ್ಲಿ ಇರುವುದಿಲ್ಲ. ಆದರೂ ಮುಚ್ಚಿದ ವ್ಯವಹಾರವನ್ನು ಮತ್ತೆ ತೆರೆಯುವವರು ಏಜೆನ್ಸಿಗೆ ಫೋನ್ ಮಾಡಿದಾಗ ಕೇಳುವ ಮೊದಲ ಪ್ರಶ್ನೆ, ಹಲವು ಸಲ ಕೊನೆಯ ಪ್ರಶ್ನೆಯೂ, ಒಂದೇ: 'ತಲೆಗೆ ಎಷ್ಟು?' ಈ ಪ್ರಶ್ನೆಯೇ ತಪ್ಪು ಎಂಬುದು ನನ್ನ ವಾದ. ಅತಿ ಕಡಿಮೆ ದರ ಹೇಳುವ ಏಜೆನ್ಸಿ ಆ ರಿಯಾಯಿತಿಯನ್ನು ತನ್ನ ಲಾಭದಿಂದ ಕೊಡುವುದು ಅಪರೂಪ. ಕಾವಲುಗಾರನ ನಿದ್ದೆಯಿಂದ, ಸಂಬಳದಿಂದ, ತರಬೇತಿಯಿಂದ ತೆಗೆದು ಕೊಡುತ್ತದೆ. ಅಂದರೆ ನೀವು ಕೊಳ್ಳಲು ಹೊರಟ ಸರಕಿನಿಂದಲೇ.

ಹೊಸದಾಗಿ ಶುರುವಾಗುವ ಅಂಗಡಿಗೂ ಮುಚ್ಚಿ ತೆರೆಯುವ ಅಂಗಡಿಗೂ ಕಾವಲಿನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಿದೆ. ಹೊಸ ಕಟ್ಟಡದ ಬೀಗಕ್ಕೆ ಎಷ್ಟು ಕೀಲಿ ಇವೆ ಎಂದು ಮಾಲೀಕರಿಗೆ ಗೊತ್ತಿರುತ್ತದೆ. ಆರು ತಿಂಗಳು ಮುಚ್ಚಿದ್ದ ಕಾರ್ಖಾನೆಯಲ್ಲಿ ಹಾಗಿಲ್ಲ. ಕೆಲಸ ಬಿಟ್ಟುಹೋದ ಸ್ಟೋರ್‌ಕೀಪರ್ ಬಳಿ ಒಂದು ಕೀಲಿ ಉಳಿದಿರಬಹುದು, ಹಿಂಬದಿಯ ಗೋಡೆಯ ಸಂದು ಅಕ್ಕಪಕ್ಕದವರಿಗೆ ಓಡಾಟದ ದಾರಿಯಾಗಿರಬಹುದು, ತಾಮ್ರದ ಕೇಬಲ್ಲು ಎಲ್ಲೆಲ್ಲಿದೆ ಎಂಬುದು ಹಳೆಯ ಗುತ್ತಿಗೆದಾರನ ಹುಡುಗರಿಗೆ ಮಾಲೀಕರಿಗಿಂತ ಚೆನ್ನಾಗಿ ಗೊತ್ತಿರಬಹುದು. ಮುಚ್ಚಿದ ಬಾಗಿಲಿನ ಅಪಾಯ ಎಂಥದ್ದು ಎನ್ನುವುದಕ್ಕೆ 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಬ್ಯಾಂಕ್ ಶಾಖೆಯೊಂದರಲ್ಲಿ ನಡೆದ ಕಳವೇ ಸಾಕ್ಷಿ. ನಾಲ್ಕನೇ ಶನಿವಾರ ಮತ್ತು ಭಾನುವಾರದ ರಜೆ ಮುಗಿಸಿ ಬಾಗಿಲು ತೆರೆದಾಗ ಸುಮಾರು 59 ಕಿಲೋ ಅಡವಿಟ್ಟ ಚಿನ್ನ ಇರಲಿಲ್ಲ. ಮುಂದೆ ಪೊಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯಿಂದ ಆಗಷ್ಟೇ ವರ್ಗವಾಗಿ ಹೋಗಿದ್ದ ಮ್ಯಾನೇಜರ್ ಇದ್ದರು. ಕೀಲಿಗಳ ನಕಲು ಮೊದಲೇ ಆಗಿತ್ತು ಎಂಬುದು ಪೊಲೀಸರ ಆರೋಪ. ಎರಡು ದಿನದ ರಜೆಗೇ ಇಷ್ಟಾದರೆ ಎರಡು ತಿಂಗಳ ಬೀಗಮುದ್ರೆಯ ಮಾತೇನು? ಹಾಗಾಗಿ ಏಜೆನ್ಸಿಯನ್ನು ಕರೆಯುವ ಮೊದಲು ಮಾಲೀಕರು ಮಾಡಬೇಕಾದ ಕೆಲಸ ಎರಡು. ಬೀಗಗಳನ್ನು ಬದಲಿಸುವುದು ಒಂದು. ಒಳಗೆ ಏನೇನಿದೆ ಎಂದು ಪಟ್ಟಿ ಮಾಡಿ ಸಹಿ ಹಾಕಿಸುವುದು ಇನ್ನೊಂದು. ಆ ಪಟ್ಟಿ ಇಲ್ಲದೆ ಕಾವಲುಗಾರನನ್ನು ನಿಲ್ಲಿಸಿದರೆ, ಮೊದಲ ವಾರ ಏನಾದರೂ ಕಾಣೆಯಾದಾಗ ಅದು ಅವನು ಬರುವ ಮುಂಚೆ ಹೋಯಿತೋ ಬಂದ ಮೇಲೆ ಹೋಯಿತೋ ಎಂದು ಹೇಳಲು ಯಾರಿಂದಲೂ ಆಗದು. ಬೈಗುಳ ಮಾತ್ರ ಅವನ ಪಾಲಿಗೆ ಬರುತ್ತದೆ. ಒಳ್ಳೆಯ ಏಜೆನ್ಸಿಯನ್ನು ಗುರುತಿಸುವ ಒಂದು ಸುಳಿವೂ ಇಲ್ಲೇ ಇದೆ: ಜಾಗವನ್ನು ಸುತ್ತಿ ನೋಡದೆ, ಈ ಪಟ್ಟಿಯನ್ನು ಕೇಳದೆ, ಫೋನಿನಲ್ಲೇ ದರ ಹೇಳಿಬಿಡುವವರಿಗೆ ನಿಮ್ಮ ಜಾಗದ ಬಗ್ಗೆ ಕುತೂಹಲವಿಲ್ಲ.

ಈಗ ಗಂಟೆಗಳ ಲೆಕ್ಕಕ್ಕೆ ಬರೋಣ, ಏಕೆಂದರೆ ಮೋಸ ಮೊದಲು ಬಯಲಾಗುವುದು ಇಲ್ಲಿ. ವಾರಕ್ಕೆ 168 ಗಂಟೆ. ಒಬ್ಬ ಕಾರ್ಮಿಕನಿಗೆ ಕಾನೂನು ಗೊತ್ತುಮಾಡಿರುವ ವಾರದ ದುಡಿಮೆ 48 ಗಂಟೆ. ಭಾಗಿಸಿದರೆ ಮೂರೂವರೆ. ಅಂದರೆ ಹಗಲು ರಾತ್ರಿ ಕಾವಲು ಬೇಕಾದ ಒಂದು ಪಾಯಿಂಟಿಗೆ, ಈ ಕಸುಬಿನಲ್ಲಿ ಒಬ್ಬ ನಿಲ್ಲುವ ಜಾಗವನ್ನು ಹಾಗೇ ಕರೆಯುತ್ತಾರೆ, ಮೂರು ಪಾಳಿಗೆ ಮೂವರು ಮತ್ತು ಅವರ ವಾರದ ರಜೆಗಳಿಗೆ ಬರುವ ರಿಲೀವರ್‌ನ ಅರ್ಧ ವಾರ ಬೇಕು. ಕೊಟೇಷನ್‌ನಲ್ಲಿ ಅದೇ ಪಾಯಿಂಟಿಗೆ ಇಬ್ಬರು ಎಂದು ಬರೆದಿದ್ದರೆ ಒಬ್ಬೊಬ್ಬರ ಪಾಲಿಗೆ ವಾರಕ್ಕೆ 84 ಗಂಟೆ ಬಂತು, ರಜೆಯೇ ಇಲ್ಲದೆ. ರಾತ್ರಿ ಎಂಟಕ್ಕೆ ಬರಬೇಕಾದವನು ಬಾರದಿದ್ದರೆ ಬೆಳಿಗ್ಗೆಯಿಂದ ನಿಂತವನೇ ಮರುದಿನದವರೆಗೆ ನಿಲ್ಲುತ್ತಾನೆ. ಅದಕ್ಕೆ ಡಬಲ್ ಡ್ಯೂಟಿ ಎಂಬ ಗೌರವದ ಹೆಸರೂ ಇದೆ. ನಸುಕಿನ ಮೂರು ಗಂಟೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂಕಡಿಸುವ ಕಾವಲುಗಾರನ ಫೋಟೊ ತೆಗೆದು ಏಜೆನ್ಸಿಗೆ ಕಳಿಸಿ ದಂಡ ಹಾಕಿಸುವ ಮ್ಯಾನೇಜರುಗಳಿದ್ದಾರೆ. ಇಬ್ಬರಿಗೆ ಮಾತ್ರ ದುಡ್ಡು ಕೊಡುತ್ತೇನೆಂದು ಸಹಿ ಹಾಕಿದ ದಿನವೇ ಆ ನಿದ್ದೆಯನ್ನು ತಾವೇ ಖರೀದಿಸಿದ್ದೇವೆ ಎಂಬುದು ಅವರಿಗೆ ಹೊಳೆಯುವುದಿಲ್ಲ. 'ಹನ್ನೆರಡು ಗಂಟೆ ಬೇಕೆಂದು ಕೇಳುವವರು ಕಾವಲುಗಾರರೇ, ಎಂಟು ಗಂಟೆಯ ಸಂಬಳದಲ್ಲಿ ಮನೆ ನಡೆಯುವುದಿಲ್ಲವಂತೆ' ಎಂಬ ಉತ್ತರ ಇದಕ್ಕೆ ಸಿದ್ಧವಾಗಿರುತ್ತದೆ. ಅದು ಸುಳ್ಳಲ್ಲ. ಅಸ್ಸಾಂ, ಒಡಿಶಾ, ನಮ್ಮದೇ ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದು ಬೆಂಗಳೂರಿನಲ್ಲಿ ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಮಲಗುವವರಿಗೆ ಹೆಚ್ಚಿನ ಗಂಟೆ ಎಂದರೆ ಊರಿಗೆ ಹೆಚ್ಚಿನ ಹಣ. ಆದರೆ ಆ ಬಯಕೆ ಎಂಟು ಗಂಟೆಯ ಸಂಬಳ ಎಷ್ಟು ಕಡಿಮೆ ಎನ್ನುವುದಕ್ಕೆ ಸಾಕ್ಷಿಯೇ ಹೊರತು ಹನ್ನೊಂದನೇ ಗಂಟೆಯಲ್ಲೂ ಮನುಷ್ಯನ ಕಣ್ಣು ಚುರುಕಾಗಿರುತ್ತದೆ ಎನ್ನುವುದಕ್ಕಲ್ಲ. ಜೊತೆಗೆ ಹೆಚ್ಚಿನ ಗಂಟೆಗೆ ಕಾನೂನಿನ ಪ್ರಕಾರ ದುಪ್ಪಟ್ಟು ದರ ಕೊಡಬೇಕು. ಅಗ್ಗದ ಕೊಟೇಷನ್‌ನಲ್ಲಿ ಆ ದುಪ್ಪಟ್ಟು ಎಲ್ಲಿದೆ ಎಂದು ಒಮ್ಮೆ ಹುಡುಕಿ ನೋಡಿ.

ಹಣದ ಲೆಕ್ಕವನ್ನೂ ಯಾರು ಬೇಕಾದರೂ ಕಾಗದದ ಮೇಲೆ ಹಾಕಿ ನೋಡಬಹುದು. ಭದ್ರತಾ ಏಜೆನ್ಸಿಗಳ ಕೆಲಸಕ್ಕೆ ರಾಜ್ಯ ಸರ್ಕಾರ ಕನಿಷ್ಠ ವೇತನ ಗೊತ್ತುಮಾಡುತ್ತದೆ. ತುಟ್ಟಿಭತ್ಯೆ ಏಪ್ರಿಲ್ 1ರಿಂದ ಹೊಸದಾಗುತ್ತದೆ. ಆ ಕನಿಷ್ಠ ವೇತನವನ್ನು 100 ರೂಪಾಯಿ ಎಂದು ಇಟ್ಟುಕೊಳ್ಳೋಣ. ಉದ್ಯೋಗದಾತರ ಪಾಲಿನ ಭವಿಷ್ಯನಿಧಿ, ಅದರ ವಿಮೆ ಮತ್ತು ಆಡಳಿತ ಶುಲ್ಕ ಸೇರಿ 13 ರೂಪಾಯಿ. ಇಎಸ್‌ಐಗೆ 3 ರೂಪಾಯಿ 25 ಪೈಸೆ. ಕನಿಷ್ಠ ಬೋನಸ್ 8 ರೂಪಾಯಿ 33 ಪೈಸೆ. ಇಲ್ಲಿಗೇ 124 ರೂಪಾಯಿ 58 ಪೈಸೆ ಆಯಿತು. ಇವುಗಳಿಗೆ ವೇತನ ಮಿತಿಗಳಿರುವುದರಿಂದ ಅಂಕಿ ಅಷ್ಟಿಷ್ಟು ಇಳಿಯಬಹುದು. ಆದರೆ ಗಳಿಕೆ ರಜೆ, ಗ್ರಾಚ್ಯುಟಿ, ರಿಲೀವರ್, ಸಮವಸ್ತ್ರ, ಬೂಟು, ಸೂಪರ್‌ವೈಸರನ ಸಂಬಳ, ರಾತ್ರಿ ಗಸ್ತು ತಿರುಗುವ ಫೀಲ್ಡ್ ಆಫೀಸರನ ಬೈಕಿಗೆ ಪೆಟ್ರೋಲು, ಏಜೆನ್ಸಿಯ ಲಾಭ ಇವು ಯಾವುವೂ ಇನ್ನೂ ಬಂದಿಲ್ಲ. ಹೀಗಿರುವಾಗ 110 ರೂಪಾಯಿಗೆ ಕಾವಲು ಕೊಡುತ್ತೇನೆ ಎನ್ನುವವನು ಪವಾಡಪುರುಷನೇನಲ್ಲ; ಯಾರದ್ದೋ ಖಾತೆಗೆ ಹೋಗಬೇಕಾದ್ದನ್ನು ಉಳಿಸಿಕೊಳ್ಳುತ್ತಾನೆ. ಮೇಲೆ ಜಿಎಸ್‌ಟಿ ಶೇ. 18. ಸಣ್ಣ ಏಜೆನ್ಸಿಗಳನ್ನು ಹಿಡಿಯುವವರು ಮರೆಯುವ ವಿಷಯವೊಂದು ಇಲ್ಲಿದೆ: ಏಜೆನ್ಸಿ ಕಂಪನಿಯಾಗಿರದೆ ಏಕಮಾಲೀಕತ್ವದ್ದೋ ಪಾಲುದಾರಿಕೆಯದ್ದೋ ಆಗಿದ್ದರೆ, ಜಿಎಸ್‌ಟಿ ನೋಂದಣಿ ಇರುವ ಗ್ರಾಹಕರೇ ಆ ತೆರಿಗೆಯನ್ನು ನೇರವಾಗಿ ಕಟ್ಟಬೇಕು ಎಂಬ ನಿಯಮ 2019ರ ಜನವರಿ 1ರಿಂದ ಇದೆ. ಬಿಲ್ಲಿನಲ್ಲಿ ತೆರಿಗೆ ಕಾಣದಿದ್ದನ್ನು ಅಗ್ಗ ಎಂದು ಓದಿಕೊಂಡವರು ಆಮೇಲೆ ಲೆಕ್ಕಪರಿಶೋಧಕರ ಮುಂದೆ ತಲೆ ಕೆರೆದುಕೊಳ್ಳುತ್ತಾರೆ.

'ಏಜೆನ್ಸಿ ತನ್ನ ಆಳುಗಳಿಗೆ ಏನು ಕೊಡುತ್ತದೋ ಅದು ಅವರ ತಲೆನೋವು' ಎನ್ನುವ ಮಾತು ಕಾನೂನಿನಲ್ಲೂ ನಿಲ್ಲದು, ಅನುಭವದಲ್ಲೂ ನಿಲ್ಲದು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಉದ್ಯೋಗದಾತ ಕೊಟ್ಟು, ಆಮೇಲೆ ಗುತ್ತಿಗೆದಾರನ ಬಿಲ್ಲಿನಲ್ಲಿ ಹಿಡಿದುಕೊಳ್ಳಬೇಕು ಎಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದ ಬಂದ ತತ್ತ್ವ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಅದು ಉಳಿದುಕೊಂಡಿದೆ. ಅನುಭವಕ್ಕೆ ಕೋಲಾರದ ನರಸಾಪುರವನ್ನು ನೆನೆಯಬೇಕು. 2020ರ ಡಿಸೆಂಬರ್ 12ರ ಬೆಳಿಗ್ಗೆ ಅಲ್ಲಿನ ಐಫೋನ್ ಜೋಡಣೆಯ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದರು, ವಾಹನಗಳನ್ನು ಉರುಳಿಸಿದರು. ಕೆಲಸಗಾರರಲ್ಲಿ ಬಹುಪಾಲು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಕಾರ್ಖಾನೆಗಳ ಇಲಾಖೆ ಹುಡುಕಿದಾಗ ಸಿಕ್ಕಿದ್ದು ಸಂಬಳದ ವಿಳಂಬ, ಕೆಲಸದ ಅವಧಿಯ ಗೋಜಲು, ಹೆಚ್ಚಿನ ಗಂಟೆಗಳ ಲೆಕ್ಕದಲ್ಲಿ ಲೋಪ. ಆ್ಯಪಲ್ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿತು, ವಿಸ್ಟ್ರಾನ್ ತನ್ನ ಉಪಾಧ್ಯಕ್ಷರೊಬ್ಬರನ್ನು ತೆಗೆಯಿತು, ಕಾರ್ಖಾನೆ ಮತ್ತೆ ಶುರುವಾಗಲು ಮರುವರ್ಷದ ಫೆಬ್ರುವರಿ ಬರಬೇಕಾಯಿತು. ಅಲ್ಲಿ ಸಿಟ್ಟಿಗೆದ್ದವರು ಕಾವಲುಗಾರರಲ್ಲ, ನಿಜ. ಆದರೆ ಮಧ್ಯದಲ್ಲಿ ಏಜೆನ್ಸಿ ಇದೆ ಎಂಬ ಕಾರಣಕ್ಕೆ ಸಂಬಳದ ಕತೆ ನಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ಪಾಠ ಸಿಗದು. ಇನ್ನು ಎರಡು ತಿಂಗಳಿಂದ ಸಂಬಳ ಕಾಣದ ಮನುಷ್ಯನ ಕೈಗೆ ಗೋದಾಮಿನ ಕೀಲಿ ಕೊಡುವುದು ಎಂಥ ಏರ್ಪಾಡು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಪ್ರತಿ ತಿಂಗಳ ಬಿಲ್ಲಿನ ಜೊತೆ ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಚಲನ್ ಇರಬೇಕು, ಅದರಲ್ಲಿ ನಿಮ್ಮ ಗೇಟಿನಲ್ಲಿ ನಿಂತವರ ಹೆಸರು ಇರಬೇಕು. ಬೇರೆ ಯಾವುದೋ ಊರಿನ ನೂರು ಜನರ ಚಲನ್ ತೋರಿಸಿ ಕೆಲಸ ಮುಗಿಸುವುದು ಈ ಧಂದೆಯಲ್ಲಿ ಹಳೆಯ ಚಾಳಿ. ಬ್ಯಾಂಕ್ ಖಾತೆಗೆ ಸಂಬಳ ಬಿದ್ದಿತೇ ಎಂದು ಕಾವಲುಗಾರನನ್ನೇ ಕೇಳಿದರೆ ಎಲ್ಲಕ್ಕಿಂತ ಬೇಗ ಸತ್ಯ ಹೊರಬೀಳುತ್ತದೆ.

ಪರವಾನಗಿಯ ಮಾತು ಕೊನೆಗೆ ಬರುವುದು ವಾಡಿಕೆ, ಬರಬೇಕಾದ್ದು ಮೊದಲು. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ 2005ರದ್ದು. ಪರವಾನಗಿ ಇಲ್ಲದೆ ಏಜೆನ್ಸಿ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ 25,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪರವಾನಗಿ ಐದು ವರ್ಷಕ್ಕೆ ಸಿಗುತ್ತದೆ. ಒಂದು ಜಿಲ್ಲೆಗೆ, ಐದು ಜಿಲ್ಲೆಗಳವರೆಗೆ, ಇಡೀ ರಾಜ್ಯಕ್ಕೆ ಎಂದು ಬೇರೆ ಬೇರೆ ಶುಲ್ಕ. ಬೆಂಗಳೂರಿನ ಪರವಾನಗಿ ಹಿಡಿದು ತುಮಕೂರಿನಲ್ಲಿ ಕಾವಲು ಕೊಡುವವರನ್ನು ಪತ್ತೆ ಹಚ್ಚಲು ಪ್ರಮಾಣಪತ್ರವನ್ನು ಪೂರ್ತಿ ಓದಿದರೆ ಸಾಕು. ಕಾವಲುಗಾರನ ವಯಸ್ಸು 18ರಿಂದ 65ರ ಒಳಗಿರಬೇಕು, ಅವನ ಹಿನ್ನೆಲೆ ಪರಿಶೀಲನೆ ಆಗಿರಬೇಕು, ಫೋಟೊ ಇರುವ ಗುರುತಿನ ಚೀಟಿ ಇರಬೇಕು. ತರಬೇತಿಗೆ ಕೇಂದ್ರ ಮಾದರಿ ನಿಯಮಗಳು ಹೇಳುವುದು 100 ಗಂಟೆ ಪಾಠ, 60 ಗಂಟೆ ಕ್ಷೇತ್ರ ತರಬೇತಿ, ಕನಿಷ್ಠ 20 ಕೆಲಸದ ದಿನಗಳಲ್ಲಿ. ನಿವೃತ್ತ ಸೈನಿಕ, ಪೊಲೀಸರಿಗೆ ಇದು 40 ಮತ್ತು 16 ಗಂಟೆಗೆ ಇಳಿಯುತ್ತದೆ. 'ನಾಳೆ ಬೆಳಿಗ್ಗೆ ಹತ್ತು ಜನ ಕಳಿಸುತ್ತೇನೆ ಸಾರ್' ಎನ್ನುವ ಏಜೆನ್ಸಿಯ ಬಳಿ ಇಪ್ಪತ್ತು ದಿನ ತರಬೇತಿ ಮುಗಿಸಿ ಕೆಲಸವಿಲ್ಲದೆ ಕೂತ ಹತ್ತು ಜನ ಇದ್ದಾರೆಯೇ, ಅಥವಾ ಇವತ್ತು ರಾತ್ರಿ ರೈಲಿನಿಂದ ಇಳಿಯುವವರೇ ನಾಳೆ ಟೋಪಿ ಹಾಕಿ ನಿಲ್ಲುತ್ತಾರೆಯೇ? ತರಬೇತಿ ಪತ್ರದ ತಾರೀಖು, ಕೆಲಸಕ್ಕೆ ಸೇರಿದ ತಾರೀಖು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ಪೊಲೀಸರದ್ದೋ ಸೇನೆಯದ್ದೋ ಎನ್ನಿಸುವ ಸಮವಸ್ತ್ರ ತೊಡಿಸಿ ಕಳಿಸುವ ಏಜೆನ್ಸಿಗಳೂ ಇವೆ. ಅದನ್ನು ನೋಡಿ ಖುಷಿಪಡುವ ಮಾಲೀಕರೂ ಇದ್ದಾರೆ. ಅದೂ ಅದೇ ಕಾಯ್ದೆಯಡಿ ಅಪರಾಧ.

ವಾದಕ್ಕೆ ಬರುವ ದೊಡ್ಡ ಆಕ್ಷೇಪ ಹಣದ್ದು. ತಿಂಗಳುಗಟ್ಟಲೆ ಆದಾಯವಿಲ್ಲದೆ ಬಾಡಿಗೆ, ಬಡ್ಡಿ ಕಟ್ಟಿದವರು ಮತ್ತೆ ತೆರೆಯುವ ಮೊದಲ ದಿನವೇ ಮೂರೂವರೆ ಜನರ ಪೂರ್ಣ ಸಂಬಳ ಎಲ್ಲಿಂದ ತರಬೇಕು? ಇದು ನಿಜವಾದ ಕಷ್ಟ, ಇದನ್ನು ತಳ್ಳಿಹಾಕುವುದು ಸರಿಯಲ್ಲ. ಆದರೆ ಕಡಿಮೆ ಮಾಡಬೇಕಾದ್ದು ದರವನ್ನಲ್ಲ, ಪಾಯಿಂಟುಗಳನ್ನು. ಮೂರು ಗೇಟಿದ್ದರೆ ಎರಡನ್ನು ಬೆಸುಗೆ ಹಾಕಿ ಮುಚ್ಚಬಹುದು. ತುರ್ತು ನಿರ್ಗಮನದ ಬಾಗಿಲುಗಳನ್ನು ಬಿಟ್ಟು. ಈ ಎಚ್ಚರಿಕೆ ಸುಮ್ಮನೆ ಸೇರಿಸಿದ್ದಲ್ಲ: 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದಾಗ, ಹೊಗೆ ತುಂಬಿದ ಕಟ್ಟಡದಲ್ಲಿ ಹೊರಬರುವ ದಾರಿ ಸಿಗದೆ 9 ಮಂದಿ ಸತ್ತರು. ಕಳ್ಳರಿಗೆಂದು ಹಾಕಿದ ಬೀಗ ಬೆಂಕಿಯ ದಿನ ಒಳಗಿನವರಿಗೇ ಬೀಳುತ್ತದೆ. ಇನ್ನು ಹಗಲಿನಲ್ಲಿ ನಿಮ್ಮದೇ ಸಿಬ್ಬಂದಿ ತುಂಬಿರುವ ಸ್ವಾಗತದ ಜಾಗಕ್ಕೆ ಸಮವಸ್ತ್ರದ ಕಾವಲುಗಾರ ಬೇಕೇ, ಅಥವಾ ಅದು ಬಂದವರ ಮುಂದೆ ಠೀವಿಗೋ? ಮಾಲೀಕರ ಕಾರಿಗೆ ಸೆಲ್ಯೂಟ್ ಹೊಡೆಯಲೆಂದೇ ಒಬ್ಬನನ್ನು ನಿಲ್ಲಿಸಿದ ಎಷ್ಟೋ ಕಡೆ ಸರಕು ಇಳಿಸುವ ಹಿಂದಿನ ಬಾಗಿಲಿಗೆ ಯಾರೂ ಇರುವುದಿಲ್ಲ. ಕಾಟಾಚಾರದ ಆರು ಜನರಿಗಿಂತ ಸರಿಯಾದ ಸಂಬಳದ ಮೂವರು ಮೇಲು ಎಂಬ ನಿಲುವಿಗೆ ಬಂದರೆ ತಿಂಗಳ ಖರ್ಚು ಹೆಚ್ಚಾಗಬೇಕೆಂದೇನೂ ಇಲ್ಲ.

'ಅದೆಲ್ಲ ಯಾಕೆ, ಹದಿನಾರು ಕ್ಯಾಮೆರಾ ಹಾಕಿಬಿಟ್ಟರೆ ಮುಗಿಯಿತಲ್ಲ' ಎನ್ನುವವರಿಗೆ ದಾವಣಗೆರೆ ಜಿಲ್ಲೆಯ ನ್ಯಾಮತಿ ನೆನಪಿರಬೇಕು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಬ್ಯಾಂಕ್ ಶಾಖೆಯಿಂದ 17 ಕಿಲೋಗೂ ಹೆಚ್ಚು ಚಿನ್ನ ಕದ್ದವರು ಕ್ಯಾಮೆರಾದ ರೆಕಾರ್ಡರನ್ನೇ ಕಿತ್ತುಕೊಂಡು ಹೋಗಿದ್ದರು, ನಾಯಿ ವಾಸನೆ ಹಿಡಿಯದಿರಲೆಂದು ಖಾರದ ಪುಡಿ ಚೆಲ್ಲಿದ್ದರು. ಪೊಲೀಸರು ಪ್ರಕರಣ ಭೇದಿಸಿ ಮದುರೈ ಕಡೆಯ ಬಾವಿಯೊಂದರಿಂದ ಚಿನ್ನ ಮೇಲೆತ್ತಲು ತಿಂಗಳುಗಳು ಹಿಡಿದವು. ಕ್ಯಾಮೆರಾ ಬೇಕು, ಅದರಲ್ಲಿ ಎರಡು ಮಾತಿಲ್ಲ. ಜನ ಸೇರುವ ಜಾಗಗಳಲ್ಲಿ ಅದನ್ನು ಅಳವಡಿಸಿ 30 ದಿನದ ದೃಶ್ಯಾವಳಿ ಉಳಿಸಬೇಕೆಂದು ರಾಜ್ಯದ ಸಾರ್ವಜನಿಕ ಸುರಕ್ಷತಾ ಕಾಯ್ದೆಯೂ ಹೇಳುತ್ತದೆ. ಆದರೆ ಕ್ಯಾಮೆರಾ ಆದದ್ದನ್ನು ಹೇಳುತ್ತದೆ, ಆಗುವುದನ್ನು ತಡೆಯಲು ಪರದೆಯ ಮುಂದೆ ಎಚ್ಚರವಿರುವವರು ಒಬ್ಬರು ಬೇಕು. ಮತ್ತೆ ಅದೇ ಎಂಟು ಗಂಟೆ, ಅದೇ ಸಂಬಳದ ಪ್ರಶ್ನೆಗೆ ಬಂದು ನಿಂತೆವು.

ಹೆಸರುವಾಸಿ ಕಂಪನಿಯನ್ನೇ ಹಿಡಿದರೆ ಈ ಪರೀಕ್ಷೆಗಳೆಲ್ಲ ಬೇಡ ಎಂಬುದು ಇನ್ನೊಂದು ನಂಬಿಕೆ. ದೊಡ್ಡ ಕಂಪನಿಗಳಲ್ಲಿ ಚಲನ್ ಸರಿಯಿರುತ್ತದೆ, ತರಬೇತಿ ಕೇಂದ್ರ ಇರುತ್ತದೆ, ಇದನ್ನು ಒಪ್ಪಬೇಕು. ಆದರೆ 2025ರ ನವೆಂಬರ್ 19ರಂದು ಬೆಂಗಳೂರಿನ ಹಾಡಹಗಲಿನಲ್ಲಿ, ರಿಸರ್ವ್ ಬ್ಯಾಂಕ್ ಅಧಿಕಾರಿಗಳೆಂದು ಹೇಳಿಕೊಂಡು ಎಟಿಎಂ ಹಣದ ವಾಹನ ತಡೆದು 7.11 ಕೋಟಿ ರೂಪಾಯಿ ದೋಚಿದ ಪ್ರಕರಣದಲ್ಲಿ ಬಂಧಿತರಾದವರ ಪೈಕಿ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್, ಇನ್ನೊಬ್ಬ ಹಣ ಸಾಗಿಸುವ ಸಂಸ್ಥೆಯಲ್ಲೇ ಮೊದಲು ಕೆಲಸ ಮಾಡಿದ್ದವನು. ಲಾಂಛನ, ಖಾಕಿ, ಮಾಜಿ ಸೈನಿಕರು ಎಂಬ ಪದ ಇವು ಯಾವುವೂ ತಾವಾಗಿ ಭರವಸೆ ಕೊಡುವುದಿಲ್ಲ. ದೊಡ್ಡ ಕಂಪನಿಯಲ್ಲೂ ನಿಮಗೆ ಸಿಗುವುದು ಅದರ ಹೆಸರಲ್ಲ, ನಿಮ್ಮ ಪ್ರದೇಶದ ಒಬ್ಬ ಸೂಪರ್‌ವೈಸರ್. ಮಾದರಿ ನಿಯಮದ ಪ್ರಕಾರ ಒಬ್ಬ ಸೂಪರ್‌ವೈಸರ್ ಕೆಳಗೆ 15ಕ್ಕಿಂತ ಹೆಚ್ಚು ಕಾವಲುಗಾರರು ಇರಕೂಡದು. ಬೇರೆ ಬೇರೆ ಜಾಗಗಳಲ್ಲಿ ಚದುರಿ ನಿಂತಿದ್ದರೆ 6 ಜನಕ್ಕೆ ಒಬ್ಬ. ಹಾಗಾಗಿ ಕೇಳಬೇಕಾದ ಪ್ರಶ್ನೆ: ನಮ್ಮ ಜಾಗ ನೋಡಿಕೊಳ್ಳುವ ಸೂಪರ್‌ವೈಸರ್ ಯಾರು, ಅವರ ಕೈಯಲ್ಲಿ ಇನ್ನೆಷ್ಟು ಜಾಗಗಳಿವೆ, ನಡುರಾತ್ರಿ ಫೋನ್ ಮಾಡಿದರೆ ಎಷ್ಟು ಹೊತ್ತಿಗೆ ಬಂದು ನಿಲ್ಲುತ್ತಾರೆ? ಹಾಗೆಂದು ಏಜೆನ್ಸಿಯ ಸಹವಾಸವೇ ಬೇಡ, ಊರಿನ ಪರಿಚಯದವರನ್ನೇ ವಾಚ್‌ಮನ್ ಮಾಡಿಕೊಳ್ಳುತ್ತೇನೆ ಎನ್ನುವುದೂ ತಪ್ಪಲ್ಲ. ಸಣ್ಣ ವರ್ಕ್‌ಶಾಪಿಗೆ, ಒಂದೇ ಬಾಗಿಲಿನ ಅಂಗಡಿಗೆ ಅದೇ ಸರಿಯಾದೀತು. ಆದರೆ ಅವರಿಗೆ ಜ್ವರ ಬಂದ ರಾತ್ರಿ ಬದಲಿ ಯಾರು ಎಂಬ ಪ್ರಶ್ನೆಗೆ ಮಾಲೀಕರೇ ಉತ್ತರ, ಮತ್ತು ಪಿಎಫ್, ರಜೆ, ಹೆಚ್ಚಿನ ಗಂಟೆಯ ಲೆಕ್ಕ ಅಲ್ಲಿಯೂ ತಪ್ಪುವುದಿಲ್ಲ.

ಇಷ್ಟೆಲ್ಲ ಸರಿಯಾದ ಮೇಲೂ ಉಳಿಯುವುದು ಆಜ್ಞೆಯ ಪ್ರಶ್ನೆ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ವಿಡಿಯೊ ಹರಿದಾಡಿತು, ವಿಧಾನಸಭೆಯಲ್ಲಿ ಗದ್ದಲವಾಯಿತು, ಏಳು ದಿನ ಮಾಲ್ ಮುಚ್ಚಿಸುವುದಾಗಿ ಸರ್ಕಾರ ಪ್ರಕಟಿಸಿತು, ಬಾಕಿ ಆಸ್ತಿ ತೆರಿಗೆಯ ಕಡತವೂ ಹೊರಬಂತು. ಬೈಗುಳ ತಿಂದವನು ಬಾಗಿಲಲ್ಲಿದ್ದ ಕಾವಲುಗಾರ. ಪಂಚೆ ಬಿಡಬೇಡ ಎಂದು ಯಾರೂ ಹೇಳಿರದೆ ಅವನೇ ಕಾನೂನು ಮಾಡಿಕೊಂಡನೇ, ಅಥವಾ ಎಲ್ಲೋ ಬಾಯಿಮಾತಿನಲ್ಲಿ ಬಂದ ಸೂಚನೆಯನ್ನು ಪಾಲಿಸಿದನೇ? ಲಿಖಿತ ಆಜ್ಞೆ ಇದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಒಂದು ವಾರ ಮುಚ್ಚಿ ಮತ್ತೆ ತೆರೆಯಬೇಕಾದ ವ್ಯವಹಾರಕ್ಕೆ ಬಾಗಿಲಿನ ಒಂದು ವಾಕ್ಯದ ಬೆಲೆ ಎಷ್ಟು ಎಂಬುದು ಅಲ್ಲಿ ಲೆಕ್ಕಕ್ಕೆ ಸಿಕ್ಕಿತು. ಯಾರನ್ನು ಬಿಡಬೇಕು, ಯಾರನ್ನು ನಿಲ್ಲಿಸಿ ಯಾರಿಗೆ ಫೋನ್ ಮಾಡಬೇಕು, ವಾರಸುದಾರರಿಲ್ಲದ ಚೀಲ ಕಂಡರೆ ಏನು ಮಾಡಬೇಕು, ಬೆಂಕಿ ಬಿದ್ದರೆ ಮೊದಲು ತೆರೆಯಬೇಕಾದ ಬಾಗಿಲು ಯಾವುದು ಎಂಬುದನ್ನು ಒಂದೇ ಪುಟದಲ್ಲಿ, ಕನ್ನಡದಲ್ಲೂ ಕಾವಲುಗಾರನಿಗೆ ಬರುವ ಭಾಷೆಯಲ್ಲೂ ಬರೆದು ಗೇಟಿನ ಕೋಣೆಯಲ್ಲಿ ಅಂಟಿಸಬೇಕು. ಈ ಪುಟ ಬರೆಯುವ ಕೆಲಸವನ್ನು ಏಜೆನ್ಸಿಗೆ ಬಿಡಬಾರದು. ಅದನ್ನು ಓದಿಸಿ ಕಲಿಸುವ ಕೆಲಸ ಅವರದು. ಹೊರರಾಜ್ಯದಿಂದ ಬಂದವರಾದರೆ ಗೇಟಿಗೆ ಬೇಕಾದಷ್ಟು ಕನ್ನಡ ಕಲಿಸುವುದೂ ಅದರಲ್ಲೇ ಸೇರಿದೆ.

ಲಾಕ್‌ಡೌನ್ ಸಡಿಲಗೊಂಡು ಕಾರ್ಖಾನೆಗಳು ತೆರೆಯುವ ಹೊತ್ತಿಗೆ, 2020ರ ಮೇ 7ರಂದು ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಿಂದ ಸ್ಟೈರೀನ್ ಅನಿಲ ಸೋರಿ ಜನ ಸತ್ತರು. ಎರಡೇ ದಿನದಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಂದು ವಿವೇಕದ ಮಾತಿತ್ತು: ಮತ್ತೆ ಶುರುಮಾಡುವಾಗ ಮೊದಲ ವಾರವನ್ನು ಪರೀಕ್ಷಾ ಅವಧಿ ಎಂದೇ ಭಾವಿಸಿ, ದೊಡ್ಡ ಉತ್ಪಾದನಾ ಗುರಿ ಬೇಡ. ಯಂತ್ರಗಳಿಗೆ ಹೇಳಿದ ಈ ಮಾತು ಕಾವಲಿಗೂ ಹೊಂದುತ್ತದೆ. ಏಜೆನ್ಸಿಯ ಜನ ಬಾಗಿಲು ತೆರೆಯುವ ದಿನ ಬರುವುದರ ಬದಲು ಒಂದು ವಾರ ಮೊದಲೇ ಬಂದು, ಖಾಲಿ ಕಟ್ಟಡವನ್ನು ಹಗಲು ರಾತ್ರಿ ತಿರುಗಿ, ವಾಲ್ವು, ಫ್ಯೂಸು, ನೀರಿನ ಮೋಟಾರು, ಬೆಂಕಿ ಆರಿಸುವ ಸಿಲಿಂಡರು ಎಲ್ಲೆಲ್ಲಿವೆ ಎಂದು ತಿಳಿದುಕೊಳ್ಳಬೇಕು. ಆ ವಾರದ ರಾತ್ರಿ ಗಸ್ತಿನ ರಿಜಿಸ್ಟರ್ ಓದಿದರೆ ಏಜೆನ್ಸಿಯ ಬಗ್ಗೆ ಬೇರೆ ಶಿಫಾರಸು ಬೇಕಾಗದು. ಹನ್ನೆರಡು, ಒಂದು, ಎರಡು, ಮೂರು ಎಂದು ಗಂಟೆ ಗಂಟೆಗೂ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ, 'ಎಲ್ಲ ಸರಿ' ಎಂದು ಬರೆದಿದ್ದರೆ ಅದನ್ನು ಬರೆದದ್ದು ಬೆಳಿಗ್ಗೆ ಆರಕ್ಕೆ. 1.20ಕ್ಕೆ ಹಿಂದಿನ ಶೆಡ್ಡಿನ ದೀಪ ಹೋಗಿತ್ತು, 2.05ಕ್ಕೆ ಗೋಡೆ ಪಕ್ಕ ನಾಯಿ ಬೊಗಳಿತು, ಟಾರ್ಚ್ ಹಿಡಿದು ಹೋಗಿ ನೋಡಿದೆ, ಯಾರಿಲ್ಲ ಎಂದು ವಕ್ರವಕ್ರ ಅಕ್ಷರದಲ್ಲಿ ಬರೆದವನು ನಿಜಕ್ಕೂ ತಿರುಗಿದ್ದಾನೆ. ಒಪ್ಪಂದವನ್ನು ಮೊದಲಿಗೆ ಮೂರು ತಿಂಗಳಿಗೆ ಮಾಡಿಕೊಳ್ಳುವುದು ವಾಸಿ. ಸಂಬಳದ ತಾರೀಖು, ಕನಿಷ್ಠ ವೇತನ ಏರಿದಾಗ ದರ ಏರುವ ಬಗೆ, ನಿಮ್ಮ ಒಪ್ಪಿಗೆಯಿಲ್ಲದೆ ಆಳು ಬದಲಿಸಕೂಡದು ಎಂಬ ಷರತ್ತು ಅದರಲ್ಲಿ ಬರಲಿ. ಏಜೆನ್ಸಿ ಬಿಟ್ಟುಹೋಗುವ ದಿನ ಕೀಲಿ, ರಿಜಿಸ್ಟರು, ಗೇಟ್ ಪಾಸ್ ಪುಸ್ತಕ, ಕ್ಯಾಮೆರಾದ ಪಾಸ್‌ವರ್ಡ್ ಇವನ್ನು ಯಾರು ಯಾರಿಗೆ ಒಪ್ಪಿಸಬೇಕು ಎಂಬುದನ್ನೂ ಅವರು ಬರುವ ದಿನವೇ ಬರೆದಿಟ್ಟುಕೊಳ್ಳಬೇಕು.